ಬೇಸಿಗೆ ಸೂಟಿ: ಚಿಕ್ಕ ಮಕ್ಕಳನ್ನು ಯಾವ ಶಿಬಿರಕ್ಕೆ ಕಳಿಸಬೇಕು?



ಯುಗಾದಿ ಮುಗಿದು ಬಸವ ಜಯಂತಿಯ ತಯಾರಿ ಸುರುವಾಗುವ ಹೊತ್ತಿಗೆ ನಮ್ಮ ಕಡೆಯ ಶಿವಾನುಭವ ಗೋಷ್ಠಿಗಳಲ್ಲಿ ಪ್ರಸಾದದ ಪಂಕ್ತಿಗೆ ಕುಳಿತವರ ಮಾತು ಒಂದೇ ಕಡೆಗೆ ತಿರುಗುತ್ತದೆ. "ಸಾಹೇಬ್ರ, ನಮ್ಮ ಮೊಮ್ಮಗನ್ನ ಯಾವ ಶಿಬಿರಕ್ಕ ಹಾಕೂಣು? ನೀವು ನಾಕ ಊರು ನೋಡಿದವರು, ಹೇಳ್ರಿ." ನಾನು ನೀರಾವರಿ ಇಲಾಖೆಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಕಾಲುವೆ, ತೂಬು, ಒಡ್ಡುಗಳ ಕೆಲಸ ಮಾಡಿ ನಿವೃತ್ತನಾದವನು. ಶಿಕ್ಷಣ ತಜ್ಞನಲ್ಲ. ಆದರೂ ಕೇಳುತ್ತಾರೆ. ಕೇಳಿದವರಿಗೆ ಒಬ್ಬೊಬ್ಬರಿಗೇ ಹೇಳುವ ಬದಲು ಇಲ್ಲಿ ಒಮ್ಮೆ ಬರೆದುಬಿಡುತ್ತೇನೆ. ನಾನು ಹೇಳುತ್ತಿರುವುದು ನಾಲ್ಕರಿಂದ ಎಂಟು ವರ್ಷದೊಳಗಿನ ಮಕ್ಕಳ ವಿಷಯ. ದೊಡ್ಡ ಮಕ್ಕಳ ಲೆಕ್ಕ ಬೇರೆ.

ನಮ್ಮ ರಾಜ್ಯದ ಶಾಲೆಗಳಿಗೆ ಹೆಚ್ಚುಕಡಿಮೆ ಏಪ್ರಿಲ್ ಎರಡನೆಯ ವಾರದಿಂದ ಮೇ 28ರವರೆಗೆ ಸೂಟಿ. ಈ ಅವಧಿಗಾಗಿ ಗೋಕಾಕ, ಘಟಪ್ರಭಾ, ಮೂಡಲಗಿ, ಹುಕ್ಕೇರಿ, ಸಂಕೇಶ್ವರ ಎಲ್ಲೆಡೆ ಮಾರ್ಚಿನಲ್ಲಿಯೇ ಬ್ಯಾನರುಗಳು ಏಳುತ್ತವೆ. ಅವುಗಳಲ್ಲಿ ಇರುವುದೆಲ್ಲ ಒಂದು ಯಾದಿ: ಅಬ್ಯಾಕಸ್, ವೇದಗಣಿತ, ಕರಾಟೆ, ಪಾಶ್ಚಾತ್ಯ ನೃತ್ಯ, ವ್ಯಕ್ತಿತ್ವ ವಿಕಸನ, ಸ್ಪೋಕನ್ ಇಂಗ್ಲಿಷ್. ಐದು ವರ್ಷದ ಕೂಸಿಗೆ ಹತ್ತು ದಿನದಲ್ಲಿ ವ್ಯಕ್ತಿತ್ವ ವಿಕಸನ! ತಂದೆ-ತಾಯಿಗಳು ಈ ಯಾದಿಯನ್ನು ಓದಿಯೇ ತೀರ್ಮಾನಿಸುತ್ತಾರೆ. ಯಾದಿ ಉದ್ದವಾದಷ್ಟೂ ಫೀ ಸಾರ್ಥಕವೆಂದು ಭಾವಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಆ ಯಾದಿಯನ್ನು ಓದುವುದೇ ಬೇಡ. ಶಿಬಿರದಲ್ಲಿ ಏನು ಕಲಿಸುತ್ತಾರೆ ಎಂಬುದನ್ನು ಕೊನೆಗೆ ಕೇಳಬೇಕು. ಎಷ್ಟು ಮಕ್ಕಳ ಮೇಲೆ ಎಷ್ಟು ಜನರ ಕಣ್ಣು, ಆ ಕಣ್ಣು ಯಾರದು, ಜಾಗ ಎಂಥದು, ಎಷ್ಟು ಹೊತ್ತು, ಮನೆಯಿಂದ ಎಷ್ಟು ದೂರ, ಇವನ್ನು ಮೊದಲು ಕೇಳಬೇಕು.

ಹೀಗೆ ಹೇಳಲು ಕಾರಣವಿದೆ. ಅದು ಕಾಲುವೆಯ ಕಾರಣ.

ನಮ್ಮದು ನೀರಾವರಿ ಸೀಮೆ. ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯ, ಕೆಳಗೆ ಧೂಪದಾಳದ ಒಡ್ಡು, ಅಲ್ಲಿಂದ ಹೊರಟ ಎಡದಂಡೆ ಕಾಲುವೆ, ಅದರ ಉಪಕಾಲುವೆ, ಹಂಚುಕಾಲುವೆಗಳು. ಇವು ನಮ್ಮ ಮೂರು ತಾಲೂಕುಗಳ ಅನ್ನದ ದಾರಿ. ಆದರೆ ಬೇಸಿಗೆಯಲ್ಲಿ ಇವುಗಳ ವರ್ತನೆಯನ್ನು ಬಲ್ಲವರು ಕಡಿಮೆ. ಏಪ್ರಿಲಿನಲ್ಲಿ ನೀರಾವರಿಯ ಸರದಿ ಮುಗಿದು ಕಾಲುವೆ ಒಣಗುತ್ತದೆ. ಹುಡುಗರು ಅದರೊಳಗೆ ಇಳಿದು ಕ್ರಿಕೆಟ್ ಆಡುತ್ತಾರೆ, ಏಡಿ ಹಿಡಿಯುತ್ತಾರೆ. ಆಮೇಲೆ ಕುಡಿಯುವ ನೀರಿಗೆಂದು ಮೇಲಿನಿಂದ ನೀರು ಬಿಡುತ್ತಾರೆ. ನಿನ್ನೆ ಆಟದ ಬಯಲಾಗಿದ್ದದ್ದು ಇಂದು ಬೆಳಿಗ್ಗೆ ತುಂಬಿ ಹರಿಯುತ್ತಿರುತ್ತದೆ. ಮುಖ್ಯ ಕಾಲುವೆಯ ನೀರು ಸೆಕೆಂಡಿಗೆ ಒಂದು ಮೀಟರಿನ ಆಸುಪಾಸು ಓಡುತ್ತದೆ ಎಂದಿಟ್ಟುಕೊಳ್ಳಿ. ಮೇಲಿನಿಂದ ನೋಡಿದವರಿಗೆ ಅದು ನಿಧಾನವೆನಿಸುತ್ತದೆ. ಬಿದ್ದ ಕೂಸು ಒಂದು ನಿಮಿಷದಲ್ಲಿ ಅರವತ್ತು ಮೀಟರು ದೂರ ಹೋಗಿರುತ್ತದೆ. ಬದಿಯ ಇಳಿಜಾರಿಗೆ ನಾವು ಕಾಂಕ್ರೀಟ್ ಹಾಕಿರುತ್ತೇವೆ, ಅದರ ಮೇಲೆ ಪಾಚಿ ಕಟ್ಟಿರುತ್ತದೆ. ಈಜು ಬಲ್ಲ ದೊಡ್ಡವನಿಗೇ ಹಿಡಿತ ಸಿಗುವುದಿಲ್ಲ, ಹಗ್ಗವಿಲ್ಲದೆ ಹತ್ತಿ ಬರುವುದು ಕಷ್ಟ. ಈಗಿನ ಕೃಷಿ ಹೊಂಡಗಳದ್ದು ಇನ್ನೂ ಕೆಟ್ಟ ಕಥೆ. ನೀರು ಇಂಗಬಾರದೆಂದು ಹಾಸಿದ ಪ್ಲಾಸ್ಟಿಕ್ ಹಾಳೆ ಸೋಪು ಸವರಿದಂತೆ ಜಾರುತ್ತದೆ. ಸುತ್ತ ತಂತಿ ಬೇಲಿ ಹಾಕದ ಹೊಂಡ ಕಂಡಾಗಲೆಲ್ಲ ನಾನು ಆ ಹೊಲದವರನ್ನು ನಿಲ್ಲಿಸಿ ಮಾತಾಡಿಸುತ್ತೇನೆ. ಕೆಲವರು ಬೇಸರ ಮಾಡಿಕೊಳ್ಳುತ್ತಾರೆ, ಮಾಡಿಕೊಳ್ಳಲಿ.

ಸೂಟಿಯ ದಿನಗಳಲ್ಲಿ ಚಿಕ್ಕ ಮಕ್ಕಳಿಗೆ ಏನಾಗುತ್ತದೆ ಎಂಬುದನ್ನು ನಮ್ಮ ಹಳ್ಳಿಗಳ ಹೆಣ್ಣುಮಕ್ಕಳನ್ನು ಕೇಳಬೇಕು. ತಾಯಿ ಬೆಳಿಗ್ಗೆ ಎಂಟಕ್ಕೆ ಅರಿಷಿಣದ ಕೆಲಸಕ್ಕೋ ಉದ್ಯೋಗ ಖಾತರಿಯ ಹೂಳೆತ್ತುವ ಕೆಲಸಕ್ಕೋ ಹೋಗುತ್ತಾಳೆ. ಶಾಲೆ ಇಲ್ಲ. ಆರು ವರ್ಷದ ಮಗನನ್ನು ಹತ್ತು ವರ್ಷದ ಅಕ್ಕ ನೋಡಿಕೊಳ್ಳಬೇಕು. ಅವಳೂ ಹುಡುಗಿಯೇ, ಅವಳಿಗೂ ಆಡಬೇಕು. ಮುದುಕಿ ಆಯಿಗೆ ಕಣ್ಣು ಮಂಜು. ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಒಂದರವರೆಗೆ ಆ ಕೂಸಿನ ಮೇಲೆ ಯಾರ ಕಣ್ಣೂ ಇರುವುದಿಲ್ಲ. ಆ ನಾಲ್ಕು ತಾಸಿನ ಪ್ರಶ್ನೆ ಇದು.

ಇದೇ ಪ್ರಶ್ನೆಯನ್ನು ನಮಗಿಂತ ಹೆಚ್ಚು ನೀರಿರುವ ಒಂದು ದೇಶ ಎದುರಿಸಿದೆ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಮನೆಯ ಹಿಂದೆಯೇ ಹೊಂಡ, ಮುಂದೆ ಕಾಲುವೆ. ಅಲ್ಲಿ ಮಕ್ಕಳು ಮುಳುಗುವುದು ಹೆಚ್ಚಾಗಿ ತಾಯಂದಿರು ಕೆಲಸದಲ್ಲಿ ಮುಳುಗಿರುವ ಮುಂಜಾನೆಯ ಹೊತ್ತಿನಲ್ಲಿ ಎಂಬುದನ್ನು ಸಂಶೋಧಕರು ಗುರುತಿಸಿದರು. ಅದಕ್ಕೆ ಅವರು ಕಂಡುಕೊಂಡ ಉಪಾಯ ಬೇಲಿಯೂ ಅಲ್ಲ, ಗೋಡೆಯೂ ಅಲ್ಲ. ಊರಿನ ಒಬ್ಬ ಹೆಣ್ಣುಮಗಳ ಮನೆಯಲ್ಲಿ ಇಪ್ಪತ್ತು-ಇಪ್ಪತ್ತೈದು ಚಿಕ್ಕ ಮಕ್ಕಳನ್ನು ವಾರಕ್ಕೆ ಆರು ದಿನ ಬೆಳಿಗ್ಗೆ ಒಂಬತ್ತರಿಂದ ಒಂದರವರೆಗೆ ಕೂಡಿಸುವುದು. ಅವಳಿಗೊಬ್ಬ ಸಹಾಯಕಿ. ಹಾಡು, ಕಥೆ, ಆಟ. ಬಂಗಾಲಿಯಲ್ಲಿ ಇದಕ್ಕೆ 'ಆಂಚಲ್' ಎಂದು ಹೆಸರು. ಆಂಚಲ್ ಎಂದರೆ ಸೀರೆಯ ಸೆರಗು. ಅಲ್ಲಿಗೆ ಬಂದ ಮಕ್ಕಳಲ್ಲಿ ಮುಳುಗಿ ಸಾಯುವ ಪ್ರಮಾಣ ಶೇ. 80ಕ್ಕೂ ಹೆಚ್ಚು ಇಳಿಯಿತು. ವಿಶ್ವ ಆರೋಗ್ಯ ಸಂಸ್ಥೆ ಈಗ ಇಂಥ ದಿನದ ಆರೈಕೆಯನ್ನು ಬೇರೆ ದೇಶಗಳಿಗೂ ಶಿಫಾರಸು ಮಾಡುತ್ತದೆ. ನಾನು ಎಂಜಿನಿಯರ್; ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಫಲ ಕೊಡುವ ಕಾಮಗಾರಿಯನ್ನು ನನ್ನ ಸೇವೆಯಲ್ಲಿ ನಾನು ಒಂದೂ ನೋಡಿಲ್ಲ.

ಆದ್ದರಿಂದ ಚಿಕ್ಕ ಮಕ್ಕಳ ಬೇಸಿಗೆ ಶಿಬಿರವೆಂದರೆ ಪಟ್ಟಣದ ಉಳ್ಳವರ ಶೋಕಿ ಎಂದು ನಾನು ತಿಳಿಯುವುದಿಲ್ಲ. ಅದು ಅವಶ್ಯ. ಆದರೆ ಅವಶ್ಯವಿರುವಲ್ಲಿ ಅದು ಇಲ್ಲ, ಇರುವಲ್ಲಿ ಅದರ ರೂಪ ಬೇರೆಯಾಗಿದೆ.

"ನಾವೆಲ್ಲ ಶಿಬಿರ ಕಂಡಿದ್ದಿವೇನ್ರಿ? ಮಾವಿನಗಿಡ ಹತ್ತಿ, ಹಳ್ಳದಾಗ ಈಜಿ ಬೆಳದಿವಿ" ಎಂದು ಹಿರಿಯ ಶರಣರೊಬ್ಬರು ನನ್ನನ್ನು ಆಕ್ಷೇಪಿಸಿದರು. ಮಾತು ಖರೆ. ಚಿಣಿಪಣಿ, ಲಗೋರಿ, ಬಗರಿಗಳಿಗೆ ಯಾರೂ ಫೀ ಕೊಟ್ಟಿರಲಿಲ್ಲ. ಆದರೆ ಆಗ ಕಟ್ಟೆಯ ಮೇಲೆ ಮೂರು ಹೊತ್ತೂ ನಾಲ್ಕು ಜನ ಹಿರಿಯರು ಕುಳಿತಿರುತ್ತಿದ್ದರು. ಓಣಿಯ ಯಾವ ದೊಡ್ಡಮ್ಮನಾದರೂ ಯಾವ ಹುಡುಗನನ್ನಾದರೂ ಗದರಿಸಬಹುದಿತ್ತು. ಇಂದು ಕಟ್ಟೆ ಖಾಲಿ, ಇದ್ದವರ ಕೈಯಲ್ಲಿ ಮೊಬೈಲು. ಇನ್ನೊಂದು ಮಾತು: ಆಗ ಹಳ್ಳದಲ್ಲಿ, ಬಾವಿಯಲ್ಲಿ ಹೋದ ಮಕ್ಕಳು ಈಗ ಇಲ್ಲಿ ಕುಳಿತು "ನಾವು ಹೀಗೆ ಬೆಳೆದೆವು" ಎಂದು ಹೇಳಲಾರರು. ಬದುಕಿ ಉಳಿದವರ ಸಾಕ್ಷಿ ಮಾತ್ರ ನಮಗೆ ಸಿಗುತ್ತದೆ.

ಮೂಡಲಗಿಯಲ್ಲಿರುವ ನನ್ನ ಮಗಳ ಐದು ವರ್ಷದ ಕೂಸಿಗಾಗಿ ಕಳೆದ ಮಾರ್ಚಿನಲ್ಲಿ ನಾನು, ಮಗಳು ಇಬ್ಬರೂ ಮೂರು ಕಡೆ ಹೋಗಿ ನೋಡಿಬಂದೆವು. ಹೆಸರು ಬರೆಯುವುದಿಲ್ಲ, ಬರೆಯುವ ಅಗತ್ಯವೂ ಇಲ್ಲ. ಇಂಥವು ಎಲ್ಲ ಊರಲ್ಲೂ ಇವೆ.

ಮೊದಲನೆಯದು ಒಂದು ವ್ಯಾಪಾರಿ ಮಳಿಗೆಯ ಮೂರನೆಯ ಅಂತಸ್ತು. ಕಟ್ಟಡದ ಮಾಳಿಗೆಯ ಮೇಲೆ ತಗಡಿನ ಶೆಡ್ಡು, ಒಳಗೆ ಬಣ್ಣಬಣ್ಣದ ಮ್ಯಾಟು. ನಾವು ಬೇಕೆಂದೇ ಮಧ್ಯಾಹ್ನ ಹನ್ನೆರಡೂವರೆಗೆ ಹೋಗಿದ್ದೆವು. ನಮ್ಮ ಕಡೆ ಏಪ್ರಿಲ್-ಮೇ ತಿಂಗಳಲ್ಲಿ ಉಷ್ಣಾಂಶ 38, 40 ಡಿಗ್ರಿ ಮುಟ್ಟುವುದು ಹೊಸದೇನಲ್ಲ. ಬಿಸಿಲಿಗೆ ಮೈಯೊಡ್ಡಿದ ತಗಡು 60 ಡಿಗ್ರಿ ದಾಟಿ ಕಾಯುತ್ತದೆ. ಅಂಥ ತಗಡಿನ ಕೆಳಗೆ ಕುಳಿತವರಿಗೆ ಗಾಳಿ ಬೀಸಿದರೆ ಸಾಲದು, ಮೇಲಿನಿಂದ ಕಾವು ಇಳಿಯುತ್ತಲೇ ಇರುತ್ತದೆ. ಫ್ಯಾನು ಬಿಸಿಗಾಳಿಯನ್ನೇ ತಿರುಗಿಸುತ್ತದೆ. ಚಿಕ್ಕ ಮಕ್ಕಳ ಮೈ ದೊಡ್ಡವರ ಮೈಗಿಂತ ಬೇಗ ಕಾಯುತ್ತದೆ, ಅವು ಬೆವರುವುದೂ ಕಡಿಮೆ. ಮೇಲೆ ಹೋಗಲು ಒಂದೇ ಜಿನೆ, ಅದರ ಬುಡದಲ್ಲಿ ಒಂದು ಖಾನಾವಳಿಯ ಸಿಲಿಂಡರುಗಳು. ಕಿಟಕಿಗೆಲ್ಲ ಗ್ರಿಲ್ಲು. ನಡೆಸುವ ಯುವಕ ವಿನಯವಂತ. "ಸಿಸಿ ಕ್ಯಾಮೆರಾ ಐತ್ರಿ ಸರ, ಎಂಟು ಹಾಕೀವಿ" ಎಂದ. "ಅದನ್ನ ನೋಡಕೋತ ಕುಂದ್ರಾವ್ರು ಯಾರಪಾ?" ಎಂದು ಕೇಳಿದೆ. ಉತ್ತರ ಬರಲಿಲ್ಲ.

ಇದು ಅತಿಯಾದ ಸಂಶಯವೆಂದು ಅನ್ನುವವರಿಗೆ ಎರಡು ಘಟನೆ ನೆನಪಿಸುತ್ತೇನೆ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯಲ್ಲಿ ಬೆಂಕಿ ಬಿದ್ದು 94 ಮಕ್ಕಳು ಸತ್ತರು. ಗರಿಯ ಛಾವಣಿ, ಇಕ್ಕಟ್ಟಾದ ಮೆಟ್ಟಿಲು. 2024ರ ಮೇ 25ರಂದು, ಇದೇ ಬೇಸಿಗೆ ಸೂಟಿಯಲ್ಲಿ, ಗುಜರಾತಿನ ರಾಜಕೋಟದ ಆಟದ ಕೇಂದ್ರವೊಂದು ಹೊತ್ತಿ ಮಕ್ಕಳೂ ಸೇರಿ 25ಕ್ಕೂ ಹೆಚ್ಚು ಜನ ಸುಟ್ಟುಹೋದರು. ಅದೂ ತಗಡಿನ ತಾತ್ಪೂರ್ತಿಕ ಕಟ್ಟಡವೇ. ಶಾಲೆ ತೆರೆಯಬೇಕಾದರೆ ಇಲಾಖೆಯ ಮಾನ್ಯತೆ ಬೇಕು, ಕಟ್ಟಡದ ಪ್ರಮಾಣಪತ್ರ ಬೇಕು. ನಮ್ಮೂರುಗಳಲ್ಲಿ ಶಿಬಿರ ತೆರೆಯಲು ಒಂದು ಬ್ಯಾನರು ಸಾಕು. ಹೀಗಿರುವಾಗ ತಪಾಸಣೆಯ ಅಧಿಕಾರಿ ನೀವೇ, ಅಂದರೆ ಕೂಸಿನ ಅಪ್ಪ, ಅವ್ವ, ಅಜ್ಜ. ಹೋಗುವಾಗ ಹೇಳಿ ಹೋಗಬೇಡಿ, ಉರಿಬಿಸಿಲಲ್ಲಿ ಹೋಗಿ. ಎರಡು ದಾರಿ ಇಲ್ಲದ ಮಾಳಿಗೆಯಾದರೆ ಕೆಳಗಿನಿಂದಲೇ ತಿರುಗಿ ಬನ್ನಿ.

ಎರಡನೆಯದು ಹೆದ್ದಾರಿಯ ಬದಿಯ ತೋಟ. ನೆರಳು ಚೆನ್ನಾಗಿತ್ತು. ಆದರೆ ಕರಪತ್ರದ ಮೇಲೆ ದಪ್ಪಕ್ಷರದಲ್ಲಿ 'ರೇನ್ ಡಾನ್ಸ್, ಸ್ವಿಮ್ಮಿಂಗ್ ಪೂಲ್, ಹಿಡಕಲ್ ಹಿನ್ನೀರಿಗೆ ಪ್ರವಾಸ'. ಈಜುಕೊಳಕ್ಕೆ ಬೇಲಿ ಇಲ್ಲ, ಕಾಯುವವನೆಂದು ತೋರಿಸಿದ ಹುಡುಗನಿಗೆ ಅದೇ ಹೊತ್ತಿಗೆ ಕ್ಯಾಂಟೀನಿನ ಕೆಲಸವೂ ಇತ್ತು. 2024ರ ಜನವರಿಯಲ್ಲಿ ವಡೋದರಾದ ಹರಣಿ ಕೆರೆಯಲ್ಲಿ ಶಾಲೆಯ ಪ್ರವಾಸದ ದೋಣಿ ಮಗುಚಿ 12 ಮಕ್ಕಳು, ಇಬ್ಬರು ಶಿಕ್ಷಕಿಯರು ತೀರಿಕೊಂಡದ್ದನ್ನು ಓದಿದ ಮೇಲೆ ನನ್ನದೊಂದು ನೇಮವಿದೆ. ಎಂಟು ವರ್ಷದೊಳಗಿನ ಮಕ್ಕಳ ಗುಂಪನ್ನು ನೀರಿನ ಹತ್ತಿರ ಒಯ್ಯುವ ಶಿಬಿರ ಎಷ್ಟು ಹೆಸರುವಾಸಿಯಾಗಿದ್ದರೂ ಬೇಡ. ಹಿಡಕಲ್ ಬೇಡ, ಗೋಕಾಕ ಫಾಲ್ಸ್ ಬೇಡ, ಗೊಡಚಿನಮಲ್ಕಿಯೂ ಬೇಡ. ಅಪ್ಪ-ಅವ್ವ ಕೈಹಿಡಿದು ಕರೆದೊಯ್ಯಲಿ, ಅದು ಬೇರೆ.

ಮೂರನೆಯದಕ್ಕೆ ಬ್ಯಾನರೂ ಇರಲಿಲ್ಲ. ನಿವೃತ್ತ ಅಕ್ಕೋರೊಬ್ಬರು ತಮ್ಮ ಮನೆಯ ಹಿತ್ತಲದ ಬೇವಿನ ಮರದ ಕೆಳಗೆ, ಹೆಂಚಿನ ಪಡಸಾಲೆಯಲ್ಲಿ ಓಣಿಯ ಇಪ್ಪತ್ತೆರಡು ಮಕ್ಕಳನ್ನು ಕೂಡಿಸುತ್ತಾರೆ. ಜೊತೆಗೆ ಸೊಸೆ, ಇನ್ನೊಬ್ಬ ಹೆಣ್ಣುಮಗಳು. ಬೆಳಿಗ್ಗೆ ಎಂಟೂವರೆಗೆ ಸುರು, ಹನ್ನೆರಡೂವರೆಗೆ ಮುಗಿತು. ಏನು ಕಲಿಸುತ್ತೀರಿ ಎಂದು ಮಗಳು ಕೇಳಿದಳು. "ಏನೂ ಕಲಸೂದಿಲ್ಲ ತಂಗಿ. ಮಣ್ಣ ಕೊಡ್ತೀವಿ, ನೀರ ಕೊಡ್ತೀವಿ, ಕಥಿ ಹೇಳ್ತೀವಿ. ಜಗಳಾಡ್ತಾವು, ಬಿಡಸ್ತೀವಿ" ಎಂದರು. ಹನ್ನೊಂದಕ್ಕೆ ಮಜ್ಜಿಗೆ, ಚುರಮರಿ ಇಲ್ಲವೆ ಅವಲಕ್ಕಿ. ಬಚ್ಚಲು-ಶೌಚಾಲಯದ ಬಾಗಿಲು ಪಡಸಾಲೆಯಿಂದ ಕಾಣುತ್ತದೆ. ಕೂಸಿನ ಜೊತೆ ಹೋಗುವವಳು ಯಾವಾಗಲೂ ಆ ಸೊಸೆಯೇ. ಬಾವಿಗೆ ಕಬ್ಬಿಣದ ಜಾಳಿಗೆ ಹಾಕಿಸಿ ಕೀಲಿ ಹಾಕಿದ್ದರು. ಕೇಳುವ ಮೊದಲೇ ಅದನ್ನು ತೋರಿಸಿದರು. ನಮ್ಮ ಕೂಸು ಅಲ್ಲಿಗೇ ಹೋಯಿತು.

ಲೆಕ್ಕದ ವಿಷಯ ಸ್ವಲ್ಪ ಹೇಳಬೇಕು. 2013ರ ರಾಷ್ಟ್ರೀಯ ಶಿಶು ಆರೈಕೆ ಮತ್ತು ಶಿಕ್ಷಣ ನೀತಿಯು ಮೂರರಿಂದ ಆರು ವರ್ಷದ ಇಪ್ಪತ್ತು ಮಕ್ಕಳಿಗೆ ಒಬ್ಬ ದೊಡ್ಡವರು ಇರಬೇಕೆನ್ನುತ್ತದೆ. ಅದು ದಿನವೂ ಬರುವ, ಪರಿಚಯದ ಮಕ್ಕಳ ಮಾತು. ಹೊಸ ಜಾಗ, ಹೊಸ ಮುಖಗಳ ಶಿಬಿರಕ್ಕೆ ಹತ್ತು ಮಕ್ಕಳಿಗೆ ಒಬ್ಬರಾದರೂ ಬೇಕೆಂಬುದು ನನ್ನ ಮತ. ಕೇಳುವಾಗ "ಎಷ್ಟು ಜನ ಸಿಬ್ಬಂದಿ?" ಎಂದು ಕೇಳಬೇಡಿ, ಡ್ರೈವರನನ್ನೂ ಸೇರಿಸಿ ಹೇಳುತ್ತಾರೆ. "ನನ್ನ ಕೂಸಿನ ಗುಂಪಿನಲ್ಲಿ ಎಷ್ಟು ಮಕ್ಕಳು, ಅವರ ಜೊತೆಗೆ ಮೊದಲಿನಿಂದ ಕೊನೆಯವರೆಗೆ ಯಾರಿರುತ್ತಾರೆ, ಅವರನ್ನು ಕರೆಯಿರಿ" ಎನ್ನಿ.

ಹೊತ್ತಿನ ಬಗ್ಗೆಯೂ ಅಷ್ಟೆ. ಕಲಬುರಗಿ ವಿಭಾಗದಲ್ಲಿ, ನಮ್ಮ ನೆರೆಯ ವಿಜಯಪುರ, ಬಾಗಲಕೋಟೆಗಳಲ್ಲಿ ಬಿಸಿಲಿನ ಕಾರಣಕ್ಕೆ ಏಪ್ರಿಲ್, ಮೇ ತಿಂಗಳು ಸರಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ದೊಡ್ಡ ಮನುಷ್ಯರಿಗೆ ಇಲ್ಲದ ತ್ರಾಣ ಐದು ವರ್ಷದ ಮಕ್ಕಳಿಗೆ ಇದೆಯೆಂದು ತಿಳಿದು ನಾಲ್ಕು ಗಂಟೆಯವರೆಗೆ ಶಿಬಿರ ನಡೆಸುವವರಿದ್ದಾರೆ. ಇನ್ನು ಹೋಗಿಬರುವ ವಾಹನ. ಹದಿನಾಲ್ಕು ಮಕ್ಕಳನ್ನು ತುಂಬಿದ ಟಂಟಂ ಕಂಡರೆ ಶಿಬಿರದ ಬಗ್ಗೆ ಮತ್ತೇನೂ ಕೇಳುವುದು ಬೇಕಿಲ್ಲ.

ಈಗ ನಮ್ಮ ಮನೆಯ ಮಾತಿಗೆ ಬರುತ್ತೇನೆ. ನಮ್ಮ ಮಠಗಳೂ, ಬಸವಪರ ಸಂಘಟನೆಗಳೂ ಬೇಸಿಗೆ ಶಿಬಿರ ನಡೆಸುತ್ತವೆ. ಉದ್ದೇಶ ಒಳ್ಳೆಯದು. ಸಾಣೇಹಳ್ಳಿಯಂಥ ಮಠ ರಂಗಭೂಮಿಯನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡಿದೆ ಎಂಬುದು ನಿಮಗೆಲ್ಲ ಗೊತ್ತು; ಅವರ ಶಿವಸಂಚಾರ 1997ರಿಂದ ನಾಡು ತಿರುಗುತ್ತಿದೆ. ಮೈಸೂರಿನ ರಂಗಾಯಣದಲ್ಲಿ ನಡೆಯುವ ಚಿಣ್ಣರ ಮೇಳದ ಹೆಸರು ಇಡೀ ರಾಜ್ಯಕ್ಕೆ ಗೊತ್ತು. ಇಂಥವು ಎಂಟು ದಾಟಿದ ಮಕ್ಕಳಿಗೆ ಹೇಳಿ ಮಾಡಿಸಿದವು. ತೊಂದರೆ ಬರುವುದು ಅದೇ ಅಚ್ಚಿಗೆ ಚಿಕ್ಕವರನ್ನು ಹಾಕಿದಾಗ.

ನಮ್ಮ ಶಿಬಿರಗಳಲ್ಲಿ ಸೇವಾದಳದ ಕಾಲದ ಗಾಳಿ ಇನ್ನೂ ಇದೆ. 1923ರಲ್ಲಿ ಹಿಂದೂಸ್ತಾನಿ ಸೇವಾದಳ ಕಟ್ಟಿದ ಡಾ. ನಾ.ಸು. ಹರ್ಡೀಕರರು ನಮ್ಮ ಘಟಪ್ರಭೆಯಲ್ಲಿಯೇ ನೆಲೆಸಿದ್ದವರು. ಸೀಟಿ, ಸಾಲು, ಕವಾಯತು, ಬೆಳಗಿನ ಐದಕ್ಕೆ ಏಳುವುದು, ಇವೆಲ್ಲ ದೇಶಕ್ಕಾಗಿ ಜೈಲಿಗೆ ಹೋಗಬೇಕಾದ ತರುಣರಿಗೆ ಬೇಕಾಗಿದ್ದ ಶಿಸ್ತು. ಅದರ ಪಳೆಯುಳಿಕೆಯನ್ನು ನಾವು ಐದು ವರ್ಷದ ಮಕ್ಕಳ ಮೇಲೆ ಹೇರುತ್ತಿದ್ದೇವೆ. ನಾನು ಕಂಡ ಒಂದು ಶಿಬಿರದಲ್ಲಿ ಉದ್ಘಾಟನೆಗೆ ಬರಬೇಕಾದ ಅತಿಥಿಗಳು ಒಂದೂವರೆ ತಾಸು ತಡ ಮಾಡಿದರು. ಎಂಬತ್ತು ಮಕ್ಕಳು ಶಾಮಿಯಾನದ ಕೆಳಗೆ ಕೈಕಟ್ಟಿ ಕುಳಿತಿದ್ದವು. ಒಂದು ಕೂಸು ಕುಳಿತಲ್ಲೇ ಉಚ್ಚೆ ಹೊಯ್ದುಕೊಂಡು ಅಳುತ್ತಿತ್ತು, ಯಾರೂ ಗಮನಿಸಲಿಲ್ಲ. ಕಾರ್ಯಕರ್ತರೆಲ್ಲ ಹಾರ, ಶಾಲು ಹಿಡಿದು ಗೇಟಿನ ಬಳಿ ಇದ್ದರು. ಹತ್ತು ದಿನದ ಶಿಬಿರದಲ್ಲಿ ಕೊನೆಯ ನಾಲ್ಕು ದಿನ ಸಮಾರೋಪದ ನೃತ್ಯದ ತಾಲೀಮಿಗೇ ಹೋಗುತ್ತವೆ.

ವಚನ ಕಂಠಪಾಠ ಸ್ಪರ್ಧೆಯ ಬಗ್ಗೆ ಹೇಳಿದರೆ ಕೆಲವರಿಗೆ ನೋವಾಗಬಹುದು, ಆದರೂ ಹೇಳುತ್ತೇನೆ. ನಾಲ್ಕು ವರ್ಷದ ಕೂಸು ಮೈಕಿನ ಮುಂದೆ ನಿಂತು ಐವತ್ತು ವಚನ ಒಪ್ಪಿಸಿದರೆ ನಾವು ಚಪ್ಪಾಳೆ ತಟ್ಟುತ್ತೇವೆ. ಮರೆತು ನಿಂತ ಇನ್ನೊಂದು ಕೂಸಿನ ಮುಖವನ್ನು ನೋಡುವುದಿಲ್ಲ. ಅದು ಮನೆಗೆ ಹೋಗಿ ವಚನವೆಂದರೆ ಹೆದರುತ್ತದೆ. ಅರ್ಥವಿಲ್ಲದ ಮಂತ್ರಪಠಣವನ್ನು ಬಿಟ್ಟುಬಂದವರು ನಾವು. ಅರ್ಥವಾಗದ ವಚನಪಠಣವನ್ನು ಅದರ ಜಾಗದಲ್ಲಿ ಕೂಡಿಸಬಾರದು. ಆ ವಯಸ್ಸಿಗೆ ವಚನವನ್ನು ಹಾಡಿ ಕೇಳಿಸಿದರೆ ಸಾಕು. ಬೇಕಾದರೆ ಅವು ತಾವೇ ಗುನುಗುತ್ತವೆ. ಕಾಯಕ ತೋರಿಸಬೇಕೆಂದರೆ ಕುಂಬಾರರನ್ನು, ನೇಕಾರರನ್ನು ಕರೆಯಿರಿ. ಗೋಕಾಕದ ಬಣ್ಣದ ಕಟ್ಟಿಗೆ ಗೊಂಬೆಗಳು, ಮಣ್ಣಿನ ಹಣ್ಣು-ಕಾಯಿಗಳು ಒಂದು ಕಾಲಕ್ಕೆ ಮನೆಮನೆಯಲ್ಲಿದ್ದವು. ಆ ಕಸುಬಿನ ಒಬ್ಬರನ್ನು ಕರೆದು ತಂದು ಒಂದು ಮುಂಜಾನೆ ಮಕ್ಕಳ ನಡುವೆ ಕೂಡಿಸಿ, ಅವರ ಅಂದಿನ ದುಡಿಮೆಯ ಹಣ ಕೊಟ್ಟು ಕಳಿಸಿ. ಪ್ಲಾಸ್ಟಿಕ್ ಬ್ಲಾಕುಗಳನ್ನು ದೂರದಿಂದ ತರಿಸುವ ನಮ್ಮೂರಿನ ಶಿಬಿರಗಳಿಗೆ ಇದು ಹೊಳೆದಿಲ್ಲ.

ಇನ್ನೂ ಒಂದು ಮಾತು, ಇದನ್ನು ಬಹಳ ಜನ ಬಾಯಿಬಿಟ್ಟು ಹೇಳುವುದಿಲ್ಲ. ಮಠದ ಶಿಬಿರವೆಂದ ಕೂಡಲೇ ನಮ್ಮವರು ಯಾವ ಪ್ರಶ್ನೆಯನ್ನೂ ಕೇಳದೆ ಮಕ್ಕಳನ್ನು ಬಿಟ್ಟುಬರುತ್ತಾರೆ. ಗುರುವಿನ ಮೇಲಿನ ಭಕ್ತಿ ಬೇರೆ, ಮಗುವಿನ ರಕ್ಷಣೆ ಬೇರೆ. 2012ರ ಪೋಕ್ಸೊ ಕಾಯ್ದೆ ಶಾಲೆ, ಆಸ್ಪತ್ರೆಗಳಂತೆಯೇ ಧಾರ್ಮಿಕ ಸಂಸ್ಥೆಯನ್ನೂ ಹೆಸರಿಸಿ, ಅಲ್ಲಿ ನಡೆದ ಅಪರಾಧವನ್ನು ಹೆಚ್ಚು ಗಂಭೀರವೆಂದು ಪರಿಗಣಿಸುತ್ತದೆ. ಕಾವಿ ಇದ್ದಲ್ಲಿಯೂ ಕೇಳಬೇಕು: ಮಕ್ಕಳ ಜೊತೆ ಹೆಣ್ಣುಮಕ್ಕಳು ಇರುತ್ತಾರೆಯೇ, ಶೌಚಕ್ಕೆ ಯಾರು ಕರೆದೊಯ್ಯುತ್ತಾರೆ, ಯಾವ ಕೋಣೆಯ ಬಾಗಿಲೂ ಮಕ್ಕಳ ಮೇಲೆ ಮುಚ್ಚುವುದಿಲ್ಲವೇ, ತಂದೆ-ತಾಯಿ ಹೇಳದೆ ಬಂದರೆ ಒಳಗೆ ಬಿಡುತ್ತೀರಾ. ಕೇಳಿದ್ದಕ್ಕೆ ಸಿಟ್ಟಾಗುವ ಕಡೆ ಕೂಸನ್ನು ಬಿಡಬೇಡಿ. ಪ್ರಶ್ನಿಸುವುದನ್ನು ಕಲಿಸಿದ ಪರಂಪರೆ ನಮ್ಮದು ಎಂದು ವೇದಿಕೆಯ ಮೇಲೆ ಹೇಳುವವರು ಗೇಟಿನಲ್ಲಿಯೂ ಪ್ರಶ್ನೆಗೆ ಅವಕಾಶ ಕೊಡಬೇಕು. ಮಠಗಳು ಈ ಉತ್ತರಗಳನ್ನು ತಾವೇ ಬರೆದು ಬಾಗಿಲಲ್ಲಿ ಹಚ್ಚಿದರೆ ಇನ್ನೂ ಒಳ್ಳೆಯದು.

ಸರಕಾರದ ಕಡೆಯಿಂದ ಏನಿದೆ ಎಂದು ಕೇಳುವವರಿಗೆ: ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು, ಈಗಿನ ಅರಿವು ಕೇಂದ್ರಗಳು, ಇತ್ತೀಚಿನ ವರ್ಷಗಳಲ್ಲಿ ಪುಕ್ಕಟೆ ಬೇಸಿಗೆ ಶಿಬಿರ ನಡೆಸುತ್ತಿವೆ. ಓದು ಬರುವ ಮಕ್ಕಳಿಗೆ ಅದು ಚೆನ್ನ, ಊರಲ್ಲಿಯೇ ಇದೆ. ಉದ್ಯೋಗ ಖಾತರಿಗೆ ಹೋಗುವ ತಾಯಂದಿರಿಗಾಗಿ ಕೆಲವು ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ಇದೆ, ಅದು ತೀರ ಚಿಕ್ಕವರಿಗೆ. 2024ರ ಬೇಸಿಗೆಯಲ್ಲಿ ಬರಪೀಡಿತವೆಂದು ಘೋಷಿಸಿದ ತಾಲೂಕುಗಳ ಶಾಲೆಗಳಲ್ಲಿ ಸೂಟಿಯಲ್ಲಿಯೂ ಬಿಸಿಯೂಟ ನಡೆಯಿತು. ಮಕ್ಕಳು ಬಂದವು, ಉಂಡವು, ಬಿಸಿಲಲ್ಲಿ ತಿರುಗಿ ಹೋದವು. ಅಡುಗೆ ಮನೆ ತೆರೆದಿತ್ತು, ಕೋಣೆ ಇತ್ತು, ನೀರಿತ್ತು. ಎರಡು ತಾಸು ಆಡಿಸುವವರು ಒಬ್ಬರಿದ್ದರೆ ಅದೇ ಒಂದು ಶಿಬಿರವಾಗುತ್ತಿತ್ತು.

ಇವೆಲ್ಲದರ ನಡುವೆ ಬಿಟ್ಟುಹೋಗುವವರು ಐದರಿಂದ ಎಂಟರ ಮಕ್ಕಳು. ಅಂಗನವಾಡಿ ದಾಟಿದವು, ಪುಸ್ತಕ ಹಿಡಿದು ಕೂಡುವಷ್ಟು ದೊಡ್ಡವಲ್ಲ. ಇಲ್ಲಿ ಮಠಗಳು ಬರಬಹುದು. ಗೋಕಾಕದ ಶೂನ್ಯ ಸಂಪಾದನ ಮಠ, ಹುಕ್ಕೇರಿ ತಾಲೂಕಿನ ನಿಡಸೋಸಿಯ ದುರದುಂಡೀಶ್ವರ ಮಠದಂಥ ದೊಡ್ಡವನ್ನು ಬಿಡಿ, ಹಳ್ಳಿಯ ಸಣ್ಣ ಮಠಕ್ಕೂ ಒಂದು ಪಡಸಾಲೆ, ಒಂದು ಮರ, ನಳದ ನೀರು, ದಾಸೋಹದ ಒಲೆ ಇರುತ್ತದೆ. ಮದುವೆ ಹಂಗಾಮು ಬಿಟ್ಟರೆ ಮುಂಜಾನೆಯ ಹೊತ್ತು ಅವು ಖಾಲಿ.

ನನ್ನ ಹಳೆಯ ಚಟದಂತೆ ಒಂದು ಎಸ್ಟಿಮೇಟ್ ಮಾಡಿದೆ. 25 ಮಕ್ಕಳು, ವಾರಕ್ಕೆ ಆರು ದಿನದಂತೆ ಆರು ವಾರ, ಅಂದರೆ 36 ದಿನ. ಊರಿನ ಇಬ್ಬರು ಹೆಣ್ಣುಮಕ್ಕಳಿಗೆ ದಿನಕ್ಕೆ 400 ರೂಪಾಯಿಯಂತೆ 28,800. ಸೇವೆ ಎಂದು ಹೇಳಿ ಅವರಿಂದ ಪುಕ್ಕಟೆ ದುಡಿಸಿಕೊಳ್ಳಬಾರದು. ರಾಜ್ಯದಲ್ಲಿ 2025-26ರ ಉದ್ಯೋಗ ಖಾತರಿ ಕೂಲಿಯೇ 370 ರೂಪಾಯಿ, ಅದಕ್ಕಿಂತ ಕಡಿಮೆ ಕೊಟ್ಟರೆ ಅವರು ಬರುವುದಿಲ್ಲ, ಬರಲೂಬಾರದು. ಮಜ್ಜಿಗೆ, ಅವಲಕ್ಕಿ, ಬಾಳೆಹಣ್ಣಿಗೆ ಮಗುವಿಗೆ ದಿನಕ್ಕೆ 15 ರೂಪಾಯಿಯಂತೆ 13,500. ಚಾಪೆ, ಮಣ್ಣು, ಬಣ್ಣ, ಚೆಂಡು, ಪ್ರಥಮ ಚಿಕಿತ್ಸೆಯ ಡಬ್ಬಿ, ಕುಡಿಯುವ ನೀರಿನ ಹರಿವೆಗಳಿಗೆ 6,000. ಒಟ್ಟು 48,300. ನಮ್ಮ ಒಂದು ದಿನದ ಸಮಾರಂಭದ ಶಾಮಿಯಾನ, ಧ್ವನಿವರ್ಧಕ, ಹಾರ, ಶಾಲು, ಸ್ಮರಣಿಕೆ, ಫ್ಲೆಕ್ಸುಗಳ ಬಿಲ್ಲು ಮುಂದಿಟ್ಟುಕೊಂಡು ಇದನ್ನು ಓದಿರಿ. ಕೊಡಬಲ್ಲವರಿಂದ ತಿಂಗಳಿಗೆ ಐದುನೂರು ತೆಗೆದುಕೊಂಡು, ಕೂಲಿಯವರ ಮಕ್ಕಳನ್ನು ಹಾಗೆಯೇ ಸೇರಿಸಿಕೊಂಡರೆ ಮಠದ ಮೇಲೆ ಬೀಳುವ ಭಾರ ಇನ್ನೂ ಕಡಿಮೆ. ಯಾರು ಕೊಟ್ಟರು, ಯಾರು ಕೊಡಲಿಲ್ಲ ಎಂಬುದು ಪುಸ್ತಕದಲ್ಲಿ ಇರಲಿ, ಮಕ್ಕಳ ಮುಂದೆ ಬೇಡ. ಮತ್ತು ಯಾರ ಜಾತಿಯನ್ನೂ ಕೇಳುವುದು ಬೇಡ. ಬೇರೆ ಧರ್ಮದವರ ಕೂಸು ಬಂದರೆ ಅದಕ್ಕೂ ಚಾಪೆ ಇರಬೇಕು.

ಹಳ್ಳಿಗಳನ್ನು ಆರಿಸುವಾಗ ದೊಡ್ಡ ಊರು, ಸಣ್ಣ ಊರು ಎಂದು ನೋಡದೆ ಕಾಲುವೆಗೆ ಹತ್ತಿರವಿರುವ ಊರಿನಿಂದ ಸುರು ಮಾಡಬೇಕೆಂದು ನನ್ನ ಸಲಹೆ. ಎಡದಂಡೆ ಕಾಲುವೆಯ ನಕ್ಷೆ ನನಗೆ ಬಾಯಿಪಾಠ. ಯಾವ ಊರಿನ ಜನವಸತಿ ದಂಡೆಗೆ ಎಷ್ಟು ಹತ್ತಿರ, ಎಲ್ಲಿ ಮೆಟ್ಟಿಲಿದೆ, ಎಲ್ಲಿ ಇಲ್ಲ ಎಂದು ಹೇಳಬಲ್ಲೆ. ನನ್ನಂಥ ನಿವೃತ್ತ ಎಂಜಿನಿಯರುಗಳು ಇನ್ನೂ ಮೂರು ಜನ ನಮ್ಮ ಬಳಗದಲ್ಲಿದ್ದಾರೆ. ಮಾರ್ಚಿನೊಳಗೆ ಕರೆದರೆ ಜಾಗ ನೋಡಿ, ಬಾವಿಗೆ ಜಾಳಿಗೆ, ಮಾಳಿಗೆಗೆ ಕಟಾಂಜನ, ವಿದ್ಯುತ್ ಮೀಟರಿನ ತಂತಿ ಎಲ್ಲ ತಪಾಸಿಸಿ ಬರೆದುಕೊಡುತ್ತೇವೆ. ಬಸ್ಸಿನ ಖರ್ಚೂ ಬೇಡ. ಎಸ್ಟಿಮೇಟಿನ ಪ್ರತಿಯನ್ನು ಪತ್ರಿಕೆಯ ಕಚೇರಿಯಲ್ಲಿ ಇಟ್ಟಿದ್ದೇನೆ, ಬೇಕಾದವರು ಕೇಳಿ ತೆಗೆದುಕೊಳ್ಳಬಹುದು.